ಪಾಸ್‌ವರ್ಡ್ ಸರಿಯಿದ್ದರೂ ಲಿನಕ್ಸ್ ಮತ್ತೆ ಲಾಗಿನ್ ಪರದೆಗೇ ಮರಳುವುದೇಕೆ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಇದೆ. ಅಡಿಕೆ ಮಾರಾಟದ ಲೆಕ್ಕವೆಲ್ಲ ಅದರಲ್ಲೇ ಇದೆ. ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಪಾಸ್‌ವರ್ಡ್ ಕೊಟ್ಟರೆ ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಪಾಸ್‌ವರ್ಡನ್ನೇ ಕೇಳುತ್ತದೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಸಬೇಕೆ?

ಉತ್ತರ: ಅಂಥ ಅಗತ್ಯ ಬರುವುದು ಅಪರೂಪ. ಪಾಸ್‌ವರ್ಡ್ ತಪ್ಪಾಗಿದ್ದರೆ ಆ ಸಂದೇಶ ಅಲ್ಲೇ ಕಾಣುತ್ತಿತ್ತು. ಪರದೆ ಕಪ್ಪಾಗಿ ಮರಳಿತೆಂದರೆ ಪಾಸ್‌ವರ್ಡ್ ಒಪ್ಪಿಗೆಯಾಗಿದೆ, ಆದರೆ ಅದರ ಬೆನ್ನಿಗೆ ತೆರೆದುಕೊಳ್ಳಬೇಕಿದ್ದ ಡೆಸ್ಕ್‌ಟಾಪ್ ಸೆಷನ್ ಕೂಡಲೇ ಮುಗಿದುಹೋಗಿದೆ ಎಂದರ್ಥ. ಸೆಷನ್ ತೆರೆಯುವಾಗ ನಿಮ್ಮ ಹೋಮ್ ಫೋಲ್ಡರಿನಲ್ಲಿ (ನಿಮ್ಮ ಸ್ವಂತ ಫೈಲುಗಳಿರುವ ಜಾಗ) ಕೆಲವು ಸಣ್ಣ ಫೈಲುಗಳನ್ನು ಬರೆಯಬೇಕಾಗುತ್ತದೆ. ಅದಕ್ಕೆ ತಡೆಯೊಡ್ಡುತ್ತಿರುವುದು ಏನೆಂದು ಮೊದಲು ಹುಡುಕಬೇಕು.

ಲಾಗಿನ್ ಪರದೆಯಲ್ಲಿ ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರಿಯ ಅಕ್ಷರಗಳ ಪರದೆ ಬರುತ್ತದೆ; ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್‌ಎನ್ ಕೀಲಿಯನ್ನೂ ಸೇರಿಸಬೇಕು. ಅಲ್ಲಿ ಬಳಕೆದಾರ ಹೆಸರು, ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕೆಯೂ ಮೂಡುವುದಿಲ್ಲ, ಗಾಬರಿ ಬೇಡ. ಮಿಂಟ್‌ನಲ್ಲಿ ಕಂಟ್ರೋಲ್, ಆಲ್ಟ್ ಜೊತೆ ಎಫ್7 ಒತ್ತಿ ಹಿಂದಿನ ಪರದೆಗೆ ಮರಳಬಹುದು. ಮುಂದಿನ ಆಜ್ಞೆಗಳನ್ನು ಉಚ್ಚಾರಣೆಯಂತೆ ಬರೆದಿದ್ದೇನೆ. ಯಂತ್ರದಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಮೊದಲು "ಡಿಎಫ್ -ಎಚ್" ಕೊಟ್ಟು ಡಿಸ್ಕಿನಲ್ಲಿ ಜಾಗವಿದೆಯೇ ನೋಡಿ. ಕೊನೆಯ ಅಂಕಣದಲ್ಲಿ ಬರಿಯ ಓರೆಗೆರೆ (/) ಇರುವ ಸಾಲು ಶೇ. 100 ತೋರಿಸಿದರೆ ಕಾರಣ ಸಿಕ್ಕಿತು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆ ಸಾಮಾನ್ಯವಾಗಿ ಶೇ. 5ರಷ್ಟು ಜಾಗವನ್ನು ರೂಟ್ ಎಂಬ, ಎಲ್ಲ ಅಧಿಕಾರವುಳ್ಳ ಬಳಕೆದಾರನಿಗೆ ಮೀಸಲಿಡುವುದರಿಂದ ಡಿಸ್ಕ್ ತುಂಬಿದ ಮೇಲೂ ಯಂತ್ರ ಏಳುತ್ತದೆ, ಲಾಗಿನ್ ಪರದೆಯೂ ಬರುತ್ತದೆ, ಆದರೆ ಸಾಮಾನ್ಯ ಬಳಕೆದಾರರಾದ ನಿಮಗೆ ಒಂದು ಅಕ್ಷರ ಬರೆಯಲೂ ಎಡೆಯಿರುವುದಿಲ್ಲ. ಮಿಂಟ್‌ನಲ್ಲಿ ಜಾಗ ನುಂಗುವುದು ಹೆಚ್ಚಾಗಿ ಟೈಮ್‌ಶಿಫ್ಟ್ ಎಂಬ ತಂತ್ರಾಂಶ ಕೂಡಿಟ್ಟ ಹಳೆಯ ಸ್ನ್ಯಾಪ್‌ಶಾಟ್‌ಗಳು (ವ್ಯವಸ್ಥೆಯ ಹಿಂದಿನ ಸ್ಥಿತಿಯ ಪ್ರತಿಗಳು). "ಸುಡೊ ಟೈಮ್‌ಶಿಫ್ಟ್ --ಡಿಲೀಟ್" ಕೊಟ್ಟು (ಸುಡೊ ಎಂದರೆ ರೂಟ್ ಅಧಿಕಾರದಲ್ಲಿ ನಡೆಸು ಎಂದು) ಹಳೆಯದನ್ನು ಆರಿಸಿ ಅಳಿಸಬಹುದು. ನಿಮ್ಮ ಲೆಕ್ಕದ ಫೈಲುಗಳಿಗೆ ಇದರಿಂದ ಏನೂ ಆಗದು.

ಜಾಗವಿದ್ದರೆ, ಕರೆಂಟ್ ಹೋದ ಸಂಗತಿಯತ್ತ ಗಮನ ಕೊಡಬೇಕು. ಬರೆಯುತ್ತಿದ್ದಾಗಲೇ ವಿದ್ಯುತ್ ಕಡಿದು ಫೈಲ್ ವ್ಯವಸ್ಥೆಯಲ್ಲಿ ದೋಷ ಉಳಿದರೆ, ಲಿನಕ್ಸ್ ಹೆಚ್ಚಿನ ಹಾನಿ ತಪ್ಪಿಸಲು ಡಿಸ್ಕನ್ನು ಓದುವುದಕ್ಕೆ ಮಾತ್ರ ತೆರೆದಿಡುತ್ತದೆ. "ಟಚ್ ಪರೀಕ್ಷೆ" ಎಂಬ ಆಜ್ಞೆ ಕೊಟ್ಟು (ಫೈಲಿನ ಹೆಸರು ಯಾವುದಾದರೂ ಆದೀತು) ನೋಡಿ. ರೀಡ್-ಓನ್ಲಿ ಎಂಬ ದೂರು ಬಂದರೆ ಯಂತ್ರವನ್ನು ಮತ್ತೆ ಆರಂಭಿಸಿ, ಗ್ರಬ್ ಪಟ್ಟಿಯಿಂದ (ಯಂತ್ರ ಏಳುವಾಗ ಬರುವ ಆಯ್ಕೆಗಳ ಪಟ್ಟಿ) ದುರಸ್ತಿಗೆಂದೇ ಇರುವ ರಿಕವರಿ ಮೋಡ್‌ಗೆ ಹೋಗಿ, ಡಿಸ್ಕಿನ ದೋಷ ಹುಡುಕಿ ಸರಿಪಡಿಸುವ ಎಫ್‌ಎಸ್‌ಸಿಕೆ ನಡೆಸಬೇಕು. ಗ್ರಬ್ ಪಟ್ಟಿ ತಾನಾಗಿ ಕಾಣದಿದ್ದರೆ ಯಂತ್ರ ಏಳುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ. ಮಳೆಗಾಲದ ಮಲೆನಾಡಿನಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗೆ ನಾನು ಮೊದಲು ಸಂಶಯಪಡುವುದು ಇದನ್ನೇ.

ಇವೆರಡೂ ಅಲ್ಲವಾದರೆ "ಎಲ್‌ಎಸ್ -ಎಲ್‌ಎ" ಕೊಟ್ಟು ಗ್ರಾಫಿಕಲ್ ಪರದೆ ಬಳಸಲು ಅನುಮತಿಯ ಕೀಲಿ ಇರುವ .ಎಕ್ಸ್‌ಅಥಾರಿಟಿ ಎಂಬ ಅಡಗಿದ ಫೈಲಿನ ಒಡೆಯರು ಯಾರೆಂದು ನೋಡಿ. ಎಂದೋ ಸುಡೊ ಬಳಸಿ ಗ್ರಾಫಿಕಲ್ ತಂತ್ರಾಂಶ ತೆರೆದಿದ್ದರೆ ಈ ಫೈಲು ನಿಮ್ಮ ಹೆಸರಿನಿಂದ ರೂಟ್ ಹೆಸರಿಗೆ ಹೋಗಿರಬಹುದು. ಹೋಮ್ ಫೋಲ್ಡರ್ ನಿಮ್ಮದೇ ಆಗಿರುವುದರಿಂದ ಒಳಗಿನ ಆ ಫೈಲಿಗೆ "ಎಂವಿ" ಆಜ್ಞೆಯಿಂದ ಬೇರೆ ಹೆಸರು ಕೊಡಲು ನಿಮಗೆ ಹಕ್ಕಿದೆ; ಮುಂದಿನ ಲಾಗಿನ್ನಿನಲ್ಲಿ ಹೊಸ ಫೈಲು ತಾನೇ ಹುಟ್ಟುತ್ತದೆ. ಈ ಹೆಸರಿನಲ್ಲಿ ಮೊದಲ ಎಕ್ಸ್ ಮಾತ್ರ ದೊಡ್ಡಕ್ಷರ.

ಕನ್ನಡ ಟೈಪಿಂಗಿಗೆಂದು, ಲಾಗಿನ್ ಆಗುವಾಗ ಯಂತ್ರ ಓದುವ .ಪ್ರೊಫೈಲ್ ಫೈಲಿಗೆ ಸಾಲು ಸೇರಿಸಿದ್ದವರು ಅದನ್ನೂ ತೆರೆದು ನೋಡುವುದು ಒಳ್ಳೆಯದು. ಮುಚ್ಚದೆ ಬಿಟ್ಟ ಒಂದು ಉದ್ಧರಣ ಚಿಹ್ನೆಯೂ ಸೆಷನ್ನನ್ನು ಕೆಡಿಸಬಲ್ಲದು.

ಎಲ್ಲವೂ ಸರಿಯಿದ್ದರೆ "ಸುಡೊ ಆ್ಯಡ್‌ಯೂಸರ್" ಬಳಸಿ ಹೊಸ ಬಳಕೆದಾರರನ್ನು ಸೇರಿಸಿ, ಆ ಹೆಸರಿನಲ್ಲಿ ಲಾಗಿನ್ ಆಗಿ ನೋಡಿ. ಡೆಸ್ಕ್‌ಟಾಪ್ ತೆರೆದರೆ ದೋಷ ನಿಮ್ಮ ಹೋಮ್ ಫೋಲ್ಡರಿನೊಳಗೇ ಇದೆ. ತೆರೆಯದಿದ್ದರೆ, ಅದರಲ್ಲೂ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ, ಕರ್ನಲ್ (ಲಿನಕ್ಸಿನ ತಿರುಳು) ಅಪ್‌ಡೇಟ್ ಆದ ಮೇಲೆ ಕಾರ್ಡನ್ನು ನಡೆಸುವ ಡ್ರೈವರ್ ಹೊಂದಿಕೊಳ್ಳದೆ ಹೀಗಾಗಿರಬಹುದು. ಗ್ರಬ್ ಪಟ್ಟಿಯಲ್ಲಿ ಹಿಂದಿನ ಕರ್ನಲ್ ಆರಿಸಿ ಒಳಹೊಕ್ಕು, ಡ್ರೈವರನ್ನು ಮತ್ತೆ ಹಾಕಿಕೊಳ್ಳಿ.