ಹಳೇ ಕಂಪ್ಯೂಟರ್‌ಗೆ ಹೊಸ ಮಾನಿಟರ್: ಇಂಚು ಆಮೇಲೆ, ಕಿಲೋಹರ್ಟ್ಸ್ ಮೊದಲು

ಹಳೇ ಕಂಪ್ಯೂಟರ್ ರಿಪೇರಿ ಮಾಡಿಸಿಕೊಂಡವರು ಹೊರಡುವ ಮುಂಚೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಇದೇ: "ಇದಕ್ಕೆ ಯಾವ ಮಾನಿಟರ್ ತಗೊಳ್ಳಲಿ ಸಾರ್?" ಎಷ್ಟು ಇಂಚಿನದು, ಯಾವ ಪ್ಯಾನೆಲ್ ಅಂತೆಲ್ಲ ಆಗಲೇ ಯೋಚಿಸಿರುತ್ತಾರೆ. ನಾನು ಕೇಳುವುದು ಬೇರೆ. ನಿಮ್ಮ ಯಂತ್ರ ಎಷ್ಟು ಕಿಲೋಹರ್ಟ್ಸ್ ಕೊಡುತ್ತದೆ? ಅದು ಗೊತ್ತಾಗುವವರೆಗೆ ಉಳಿದದ್ದನ್ನು ಮಾತಾಡಿ ಉಪಯೋಗವಿಲ್ಲ.

ಒಂದು ಸೆಕೆಂಡಿಗೆ ಎಷ್ಟು ಸಾವಿರ ಅಡ್ಡಗೆರೆಗಳು ಮಾನಿಟರ್‌ಗೆ ಬರುತ್ತವೆ ಅನ್ನುವುದೇ ಈ ಲೆಕ್ಕ. 1980ರ ದಶಕದ ಮನೆ ಕಂಪ್ಯೂಟರ್‌ಗಳಾದ ಕಮೊಡೋರ್ 64, ಅಮಿಗಾ, ಐಬಿಎಂ ಪಿಸಿಯ ಸಿಜಿಎ ಎಂಬ ಚಿತ್ರದ ಕಾರ್ಡ್ ಇವೆಲ್ಲ ಸುಮಾರು 15.7 ಕಿಲೋಹರ್ಟ್ಸ್ ಕೊಡುತ್ತವೆ. ಆ ಕಾಲದ ಟಿವಿಯ ವೇಗ ಅದು. ಅದೇ ಪಿಸಿಗೆ ಬಂದ ಹರ್ಕ್ಯುಲಿಸ್ ಕಾರ್ಡ್ 18.4, ಇಜಿಎ ಕಾರ್ಡ್ ತನ್ನ 350 ಗೆರೆಗಳ ಮೋಡ್‌ನಲ್ಲಿ 21.8, ಜಪಾನಿನ ಪಿಸಿ-98 ಕಂಪ್ಯೂಟರ್ ಸುಮಾರು 24.8. 1987ರಲ್ಲಿ ವಿಜಿಎ ಎಂಬ ಮುಂದಿನ ಚಿತ್ರ ಪದ್ಧತಿ ಬಂದಾಗ ಇದು 31.5ಕ್ಕೆ ಏರಿತು. ಈಗ ನಿಮ್ಮ ಕೈಗೆ ಸಿಗುವ ಮಾನಿಟರ್‌ನ ಕೈಪಿಡಿ ತೆಗೆದು ನೋಡಿ. ಕೊನೆಯ ಪುಟಗಳಲ್ಲೆಲ್ಲೋ ಅಡ್ಡ ಫ್ರೀಕ್ವೆನ್ಸಿ 30ರಿಂದ 83 ಅಂತಲೋ, ಅದರ ಆಸುಪಾಸಿನಲ್ಲೋ ಬರೆದಿರುತ್ತದೆ. 30ಕ್ಕಿಂತ ಕೆಳಗಿನದು ಬಂದರೆ "ಔಟ್ ಆಫ್ ರೇಂಜ್" ಅಂತ ಬರುತ್ತದೆ, ಇಲ್ಲವೇ ಪರದೆ ಕಪ್ಪಾಗಿಯೇ ಇರುತ್ತದೆ. ಯಂತ್ರ ಕೆಟ್ಟಿದೆ ಅಂತ ಹೊತ್ತು ತರುವವರಲ್ಲಿ ಕೆಲವರದ್ದು ಕೆಟ್ಟೇ ಇರುವುದಿಲ್ಲ.

15 ಕಿಲೋಹರ್ಟ್ಸ್ ನೇರವಾಗಿ ತೆಗೆದುಕೊಳ್ಳುವ ಎಲ್‌ಸಿಡಿಗಳು ಇಲ್ಲವೇ ಇಲ್ಲ ಅಂತಲ್ಲ. ಬೆನ್‌ಕ್ಯೂ ಬಿಎಲ್702ಎ, ಎನ್‌ಇಸಿ 1970ಎನ್‌ಎಕ್ಸ್ ಇವು ಅಮಿಗಾ ಇಟ್ಟುಕೊಂಡವರ ನಡುವೆ ಹೆಸರುವಾಸಿ. ಆದರೆ ಈಗ ಇವು ಸೆಕೆಂಡ್ ಹ್ಯಾಂಡ್‌ನಲ್ಲೇ ಸಿಗಬೇಕು. ಮಾಡೆಲ್ ನಂಬರಿನಲ್ಲಿ ಒಂದಕ್ಷರ ಬೇರೆಯಾದರೂ ಒಳಗಿನ ಬೋರ್ಡ್ ಬೇರೆ ಇರಬಹುದು. ಮೈಮೇಲೆ "ಮಲ್ಟಿಸಿಂಕ್" (ಹಲವು ವೇಗಗಳನ್ನು ಒಪ್ಪುತ್ತದೆ) ಅಂತ ಬರೆದಿದೆ ಎನ್ನುವುದನ್ನಷ್ಟೇ ನಂಬಬೇಡಿ.

ಇನ್ನೊಂದು ಎಚ್ಚರಿಕೆ. ಸಿಜಿಎ, ಇಜಿಎ, ಹರ್ಕ್ಯುಲಿಸ್ ಕಾರ್ಡ್‌ಗಳ 9 ಪಿನ್ ಪೋರ್ಟ್‌ನಲ್ಲಿ ಬರುವುದು 5 ವೋಲ್ಟ್‌ನ ಡಿಜಿಟಲ್ ಸಿಗ್ನಲ್. ವಿಜಿಎ ಮಾನಿಟರ್‌ಗೆ ಬೇಕಾದದ್ದು 0.7 ವೋಲ್ಟ್‌ನ ಅನಲಾಗ್. ಸುಮ್ನೆ 9 ಪಿನ್‌ನಿಂದ 15 ಪಿನ್‌ಗೆ ಬದಲಾಯಿಸುವ ಅಡಾಪ್ಟರ್ ಸಿಕ್ಕಿತು ಅಂತ ಚುಚ್ಚಬೇಡಿ, ಮಾನಿಟರ್‌ನ ಇನ್‌ಪುಟ್ ಹಾಳಾಗಬಹುದು.

ವಿಜಿಎ ಇರುವ, ಡಾಸ್ (ವಿಂಡೋಸ್‌ಗಿಂತ ಮುಂಚಿನ, ಅಕ್ಷರಗಳಲ್ಲೇ ಆಜ್ಞೆ ಕೊಡುವ ವ್ಯವಸ್ಥೆ) ಓಡುವ ಕಂಪ್ಯೂಟರ್ ನಿಮ್ಮದಾದರೆ ಸಿಗ್ನಲ್ ಹೇಗೋ ಒಳಗೆ ಹೋಗುತ್ತದೆ, ಚಿತ್ರವೂ ಬರುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ ಮುಂದೆ, ಅದೂ ಬಹಳ ಜನರ ಕಣ್ಣಿಗೆ ಬೀಳದ ಹಾಗೆ. ಡಾಸ್‌ನ ಅಕ್ಷರಗಳ ಪರದೆ 720 ಅಡ್ಡ, 400 ಉದ್ದ. ಪ್ರತಿ ಅಕ್ಷರಕ್ಕೆ 9 ಚುಕ್ಕೆ, ಸಾಲಿಗೆ 80 ಅಕ್ಷರ. ಆಟಗಳ 320 ಅಡ್ಡ 200ರ ಮೋಡ್ ಇದೆಯಲ್ಲ, ಅದನ್ನು ಕಾರ್ಡ್ ದುಪ್ಪಟ್ಟು ಮಾಡಿ 640 ಅಡ್ಡ 400 ಮಾಡಿ ಕಳಿಸುತ್ತದೆ. ಮೊದಲನೆಯದಕ್ಕೆ ಚುಕ್ಕೆಗಳ ವೇಗ 28.322 ಮೆಗಾಹರ್ಟ್ಸ್, ಎರಡನೆಯದಕ್ಕೆ 25.175. ಎರಡರಲ್ಲೂ ಗೆರೆಯ ವೇಗ 31.47 ಕಿಲೋಹರ್ಟ್ಸ್, ಫ್ರೇಮ್‌ನ (ಪೂರ್ತಿ ಚಿತ್ರದ) ವೇಗ 70 ಹರ್ಟ್ಸ್, ಗೆರೆ ಮತ್ತು ಫ್ರೇಮ್ ಶುರುವಾದದ್ದನ್ನು ತಿಳಿಸುವ ಸಿಂಕ್ ಸಂಕೇತದ ಪೊಲಾರಿಟಿ (ಧನ-ಋಣ ದಿಕ್ಕು) ಕೂಡ ಒಂದೇ. ಗೆರೆ ಎಲ್ಲಿ ಶುರುವಾಯಿತು ಅಂತ ಕೇಬಲ್ ಹೇಳುತ್ತದೆ, ಅದರಲ್ಲಿ ಎಷ್ಟು ಚುಕ್ಕೆಗಳಿವೆ ಅಂತ ಹೇಳುವುದಿಲ್ಲ. ಹಾಗಾಗಿ ಮಾನಿಟರ್ ಊಹೆ ಮಾಡುತ್ತದೆ. ಹೆಚ್ಚಿನವು ಯಾವಾಗಲೂ 720 ಅಂತಲೇ ಊಹಿಸುತ್ತವೆ.

ಪರಿಣಾಮ? ಅಕ್ಷರಗಳು ಚೊಕ್ಕವಾಗಿ ಕಾಣುತ್ತವೆ, ಆಟ ಹಾಕಿದರೆ ಚಿತ್ರದ ಕಂಬಗಳು ಒಂದು ದಪ್ಪ, ಒಂದು ತೆಳು. ಊಹೆ ಉಲ್ಟಾ ಆದರೆ ಅಕ್ಷರಗಳ ನೇರ ಗೀಟುಗಳು ಅಲ್ಲಲ್ಲಿ ಮಸುಕಾಗುತ್ತವೆ. ಇದನ್ನು ಪರೀಕ್ಷಿಸುವುದು ಸುಲಭ. ಡಾಸ್‌ನ ಎಡಿಟ್ ಪ್ರೋಗ್ರಾಂ ತೆರೆಯಿರಿ. ಆಲ್ಟ್ ಕೀ ಒತ್ತಿ ಹಿಡಿದು ಬಲಗಡೆಯ ನಂಬರ್ ಕೀಗಳಲ್ಲಿ 177 ಹೊಡೆಯಿರಿ. ಚುಕ್ಕೆಚುಕ್ಕೆಯ ಒಂದು ಚೌಕ ಬರುತ್ತದೆ. ಪರದೆ ಪೂರ್ತಿ ಅದನ್ನೇ ತುಂಬಿಸಿ. ಒಂದೇ ಸಮನಾಗಿ ಕಂಡರೆ ಸರಿ. ನಡುನಡುವೆ ಮಬ್ಬಾದ ಉದ್ದ ಪಟ್ಟಿಗಳು ಕಂಡರೆ ಮಾನಿಟರ್ ಚುಕ್ಕೆಗಳನ್ನು ತಪ್ಪಾಗಿ ಎಣಿಸುತ್ತಿದೆ ಅಂತ ಅರ್ಥ. ಆಗ ಮೆನುವಿನಲ್ಲಿ ಕ್ಲಾಕ್ (ಗೆರೆಗೆ ಎಷ್ಟು ಚುಕ್ಕೆ) ಮತ್ತು ಫೇಸ್ (ಚುಕ್ಕೆಯನ್ನು ಯಾವ ಕ್ಷಣಕ್ಕೆ ಓದಬೇಕು) ತಿರುಗಿಸಿ ಪಟ್ಟಿಗಳು ಮಾಯವಾಗುವಂತೆ ಮಾಡಬೇಕು. ಆಟೊ ಬಟನ್ ಒತ್ತುವುದಾದರೂ ಈ ಪರದೆಯ ಮೇಲೇ ಒತ್ತಿ. ಬರೀ ಸಿ ಪ್ರಾಂಪ್ಟ್ (ಆಜ್ಞೆಗಾಗಿ ಕಾಯುವ ಹೆಚ್ಚುಕಡಿಮೆ ಖಾಲಿ ಪರದೆ) ಇರುವಾಗ ಒತ್ತಿದರೆ ಬಲಗಡೆಯ ಅಂಚು ಎಲ್ಲಿದೆ ಅಂತ ಅದಕ್ಕೆ ಕಾಣಿಸುವುದೇ ಇಲ್ಲ, ಅಲ್ವಾ? ಕೆಲವು ಮಾನಿಟರ್‌ಗಳ ಮೆನುವಿನಲ್ಲಿ 640 ಅಥವಾ 720 ಅಂತ ನಾವೇ ಆರಿಸುವ ಅವಕಾಶ ಇರುತ್ತದೆ. ಅಂಥದ್ದು ಕಂಡರೆ ಬಿಡಬೇಡಿ.

ಆಮೇಲೆ 70 ಹರ್ಟ್ಸ್‌ನ ವಿಷಯ. "75 ಹರ್ಟ್ಸ್‌ವರೆಗೆ ಒಪ್ಪುತ್ತದೆ" ಎಂದು ಬರೆದಿದ್ದರೂ ಎಷ್ಟೋ ಮಾನಿಟರ್‌ಗಳ ಪ್ಯಾನೆಲ್ ಓಡುವುದು 60ರಲ್ಲೇ. 70 ಫ್ರೇಮ್ ಬಂದರೆ ಸೆಕೆಂಡಿಗೆ 10 ಫ್ರೇಮ್ ಎಸೆದುಬಿಡುತ್ತವೆ. ನಿಂತ ಪರದೆಯಲ್ಲಿ ಇದು ಗೊತ್ತಾಗುವುದಿಲ್ಲ. ಅಡ್ಡ ಸರಿಯುವ ಆಟದಲ್ಲಿ ಚಿತ್ರ ಮುಗ್ಗರಿಸಿದ ಹಾಗೆ ಕಾಣುತ್ತದೆ. ಯುರೋಪಿನ ಪಾಲ್ ಟಿವಿ ಪದ್ಧತಿಯ ಅಮಿಗಾ, ಕಮೊಡೋರ್‌ಗಳದ್ದು 50 ಹರ್ಟ್ಸ್, ಅಲ್ಲಿ ಕೆಲವು ಫ್ರೇಮ್‌ಗಳನ್ನು ಎರಡು ಸಲ ತೋರಿಸುತ್ತವೆ, ಮುಗ್ಗರಿಸುವ ಕಥೆ ಮಾತ್ರ ಅದೇ. ಫ್ರೀಸಿಂಕ್ (ಬರುವ ಫ್ರೇಮ್‌ಗಳಿಗೆ ತಕ್ಕಂತೆ ಪ್ಯಾನೆಲ್‌ನ ವೇಗ ಬದಲಾಯಿಸುವ ಸೌಲಭ್ಯ) ಇರುವ ಮಾನಿಟರ್‌ನಲ್ಲಿ ಅದರ ವ್ಯಾಪ್ತಿ 48ರಿಂದ 75 ಅಂತ ಇದ್ದರೆ ನನಗೆ ಸ್ವಲ್ಪ ಧೈರ್ಯ. ಪ್ಯಾನೆಲ್ ಆ ವೇಗಗಳಲ್ಲಿ ಓಡಬಲ್ಲದು ಅನ್ನುವುದಕ್ಕೆ ಅದು ಒಳ್ಳೇ ಸುಳಿವು. ಆದರೂ ಓಡಿಸಿ ನೋಡಿಯೇ ನಂಬಬೇಕು.

ಆಕಾರದ ವಿಷಯದಲ್ಲಿ ನನ್ನ ಆಯ್ಕೆ ಒಂದೇ: 1600 ಅಡ್ಡ 1200. ಕಾರಣ ಸರಳ. 320ನ್ನು 5ರಿಂದ ಗುಣಿಸಿದರೆ 1600, 200ನ್ನು 6ರಿಂದ ಗುಣಿಸಿದರೆ 1200. ಆ ಕಾಲದ ಆಟಗಳನ್ನು 4:3 ಪರದೆಗೆಂದು ಬರೆದದ್ದು, ಅವುಗಳ ಚುಕ್ಕೆ ಅಗಲಕ್ಕಿಂತ ಸ್ವಲ್ಪ ಎತ್ತರ. ಇಲ್ಲಿ ಅದು ಸರಿಯಾಗಿ ಕೂರುತ್ತದೆ, ವೃತ್ತ ವೃತ್ತವಾಗಿಯೇ ಕಾಣುತ್ತದೆ. ಹೊಸದಾಗಿ ಈ ಆಕಾರ ಸಿಗುವುದು ಕಷ್ಟ. 1920 ಅಡ್ಡ 1200ರದ್ದು ಸಿಕ್ಕರೆ ಅದರೊಳಗೆ ಇದೇ ಅಳತೆ ಹಿಡಿಯುತ್ತದೆ, ಎರಡೂ ಬದಿ ಕಪ್ಪು ಪಟ್ಟಿ ಉಳಿಯುತ್ತದೆ, ಅಷ್ಟೆ. ಮೆನುವಿನಲ್ಲಿ 4:3 ಆಯ್ಕೆ ಇದೆಯೇ ಅಂತ ಮಾತ್ರ ಮೊದಲೇ ನೋಡಿ. ಅದಿಲ್ಲದ ಮಾನಿಟರ್ ಎಲ್ಲವನ್ನೂ ಅಗಲಕ್ಕೆ ಎಳೆದುಬಿಡುತ್ತದೆ. 1280 ಅಡ್ಡ 1024ರ ಚೌಕ ಮಾನಿಟರ್‌ಗಳು ಜಾಸ್ತಿ ಸಿಗುತ್ತವೆ. ಅವು 5:4, ಚಿತ್ರ ಒಂಚೂರು ಉದ್ದವಾಗುತ್ತದೆ. ನನಗದು ಸಹ್ಯ.

ವಿಜಿಎಗಿಂತ ಹಳೆಯ ಯಂತ್ರಗಳಿಗೆ ನಡುವೆ ಒಂದು ಪೆಟ್ಟಿಗೆ ಬೇಕೇ ಬೇಕು. ಸಿಜಿಎ, ಇಜಿಎಗಳ ಡಿಜಿಟಲ್ ಸಿಗ್ನಲ್‌ಗೆ ರಾಸ್ಪ್‌ಬೆರಿ ಪೈ ಝೀರೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಮೇಲೆ ಓಡುವ ಆರ್‌ಜಿಬಿ-ಟು-ಎಚ್‌ಡಿಎಂಐ ಪರಿವರ್ತಕ ನನಗೆ ಇಷ್ಟ. ಅದು ಚುಕ್ಕೆಗೆ ಚುಕ್ಕೆ ಹಿಡಿಯುತ್ತದೆ. ಅಮಿಗಾದ ಆರ್‌ಜಿಬಿಗೆ (ಕೆಂಪು, ಹಸಿರು, ನೀಲಿ ಬೇರೆಬೇರೆ ಬರುವ ಸಿಗ್ನಲ್) ಒಎಸ್‌ಎಸ್‌ಸಿ ಅಥವಾ ರೆಟ್ರೊಟಿಂಕ್ ಪೆಟ್ಟಿಗೆ. ಒಎಸ್‌ಎಸ್‌ಸಿ ಫ್ರೇಮ್‌ಗಳನ್ನು ಕೂಡಿಟ್ಟುಕೊಳ್ಳದೆ ಗೆರೆಗಳನ್ನಷ್ಟೇ ದುಪ್ಪಟ್ಟು ಮಾಡುವುದರಿಂದ ತಡ ಇಲ್ಲವೇ ಇಲ್ಲ ಅನ್ನಬಹುದು. ಆದರೆ 50 ಹರ್ಟ್ಸ್ ಒಳಗೆ ಹೋದರೆ 50 ಹರ್ಟ್ಸೇ ಹೊರಗೆ ಬರುತ್ತದೆ, ಅದನ್ನು ಮಾನಿಟರ್ ಒಪ್ಪಬೇಕು. ತೀರಾ ಅಗ್ಗದ ಪರಿವರ್ತಕಗಳ ಬಗ್ಗೆ ನನಗೆ ಒಳ್ಳೇ ಅಭಿಪ್ರಾಯ ಇಲ್ಲ. ಹಳೇ ಯಂತ್ರದ 240 ಗೆರೆಯ ಚಿತ್ರವನ್ನು 480 ಗೆರೆಯ ಇಂಟರ್‌ಲೇಸ್ (ಒಂದು ಬಿಟ್ಟು ಒಂದು ಗೆರೆಯಂತೆ ಎರಡು ಸಲಕ್ಕೆ ಬರುವ ಚಿತ್ರ) ಅಂತ ತಿಳಿದುಕೊಂಡು ಕಲಸಿಬಿಡುತ್ತವೆ. ಎಷ್ಟೋ ಟಿವಿಗಳೂ ಮಾಡುವುದು ಇದನ್ನೇ.

ಪ್ಯಾನೆಲ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಐಪಿಎಸ್ ಸಾಕು. ಒಎಲ್‌ಇಡಿಯ ಬಣ್ಣ ಚೆನ್ನ, ಆದರೆ ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಿಲ್ಲುವ ಮೆನು ಪಟ್ಟಿ ಅದಕ್ಕೆ ಆಗಿಬರುವುದಿಲ್ಲ, ಗುರುತು ಉಳಿದುಬಿಡಬಹುದು.

ಹಳೇ ಮ್ಯಾಕಿಂಟಾಷ್ ಇಟ್ಟುಕೊಂಡವರಿಗೆ ಒಂದು ಮಾತು. ಅದರ 640 ಅಡ್ಡ 480 ಮೋಡ್ 35 ಕಿಲೋಹರ್ಟ್ಸ್, 66.7 ಹರ್ಟ್ಸ್. ಹೆಚ್ಚಿನ ಮಾನಿಟರ್‌ಗಳು ಇದನ್ನು ಒಪ್ಪುತ್ತವೆ. ಆದರೆ ಎದುರಿಗೆ ಯಾವ ಮಾನಿಟರ್ ಇದೆ ಎಂದು ಮ್ಯಾಕ್ ಮೂರು ಪಿನ್‌ಗಳ ಮೂಲಕ ತಿಳಿದುಕೊಳ್ಳುತ್ತದೆ. ಆ ಪಿನ್‌ಗಳ ಜೋಡಣೆ ಸರಿ ಇಲ್ಲದಿದ್ದರೆ ಚಿತ್ರವನ್ನೇ ಕಳಿಸದಿರಬಹುದು. ಅಡಾಪ್ಟರ್ ಕೊಳ್ಳುವಾಗ ಪುಟ್ಟ ಸ್ವಿಚ್‌ಗಳ ಸಾಲು ಇರುವುದನ್ನೇ ಕೊಳ್ಳಿ, ಮಾನಿಟರ್ ಬದಲಾಯಿಸಿದಾಗ ಅವುಗಳಲ್ಲೇ ಹೊಂದಿಸಿಕೊಳ್ಳಬಹುದು.