ಐಡ್ಲಿಂಗ್ ನಿಲ್ಲದ ಗಾಡಿ: ಸ್ಕ್ರೂ ಯಾವ ಕಡೆ ಇದೆ, ಮೊದಲು ಅದನ್ನು ನೋಡಿ

ಬಳ್ಳಾರಿಯ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದೇನೆ. ಆಕ್ಸಿಲೇಟರ್ ಬಿಟ್ಟಾಗಲೂ ಇಂಜಿನ್ ಆಫ್ ಆಗದೆ ಮೆಲ್ಲಗೆ ಓಡುತ್ತಿರಬೇಕು, ಅದೇ ಐಡ್ಲಿಂಗ್. ಮೊನ್ನೆ ಮೇಸ್ತ್ರಿ ಕೈಲಿ ಬೈಸಿಕೊಂಡು ಕಲಿತದ್ದನ್ನು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. 2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಬಿಎಸ್6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಹೆಚ್ಚಿನವು ಎಫ್‌ಐ, ಅಂದರೆ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಫ್ಯೂಯಲ್ ಇಂಜೆಕ್ಷನ್. ಆದರೆ ನಮ್ಮಲ್ಲಿಗೆ ಬರುವ ಹಳೇ ಗಾಡಿಗಳಲ್ಲಿ ಇನ್ನೂ ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರೇ.

ಕಾರ್ಬೊರೇಟರ್ ಮುಟ್ಟುವ ಮುಂಚೆ

ಏರ್ ಫಿಲ್ಟರ್, ಪ್ಲಗ್, ಟ್ಯಾಪೆಟ್ (ವಾಲ್ವಿನ ಸಂದು) ನೋಡಿ. ಸಂಡೂರು ಕಡೆ ಓಡಾಡುವ ಗಾಡಿಯ ಫಿಲ್ಟರ್ ತಟ್ಟಿದರೆ ಅದಿರಿನ ಕೆಂಪು ಧೂಳು ಉದುರುತ್ತದೆ. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆಯಾಗಿ ಪ್ಲಗ್ಗಿಗೆ ಕಪ್ಪು ಮಸಿ ಹಿಡಿಯುತ್ತದೆ. ಪ್ಲಗ್ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ.

ಚೋಕ್ ಎಳೆದು ನೋಡೋದು

ನನಗೆ ತುಂಬಾ ಹಿಡಿಸಿದ ಉಪಾಯ ಇದು. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಹೆಚ್ಚಿಸುವ ಚೋಕ್ ಸ್ವಲ್ಪವೇ ಎಳೆಯಿರಿ. ಓಟ ಸುಧಾರಿಸಿದರೆ ಪೆಟ್ರೋಲ್ ಕಡಿಮೆ ಇತ್ತು. ಇನ್ನೂ ಕೆಟ್ಟು ಆಫ್ ಆದರೆ ಮೊದಲೇ ಪೆಟ್ರೋಲ್ ಜಾಸ್ತಿ ಇತ್ತು. ಪಾನಾ ಕೈಗೆತ್ತಿಕೊಳ್ಳದೆ ಅರ್ಧ ಉತ್ತರ ಸಿಕ್ಕಿತು, ಅಲ್ವಾ?

ನಾನು ಎಡವಿದ್ದು ಇಲ್ಲಿ

ಮೊನ್ನೆ ಬಂದ ಗಾಡಿ ಚೋಕ್ ಎಳೆದರೆ ಸರಿ ಹೋಗುತ್ತಿತ್ತು. ಹಾಗಾದರೆ ಪೆಟ್ರೋಲ್ ಜಾಸ್ತಿ ಕೊಡಬೇಕು. ಕಾರ್ಬೊರೇಟರಿನಲ್ಲಿ ಐಡ್ಲಿಂಗಿನ ಮಿಶ್ರಣ ಹೊಂದಿಸುವ ಸ್ಕ್ರೂ ಬಿಚ್ಚಿದರೆ ಪೆಟ್ರೋಲ್ ಜಾಸ್ತಿ ಬರುತ್ತದೆ ಅಂದುಕೊಂಡು ಬಿಚ್ಚಿದೆ. ಕೆಟ್ಟಿತು. ಇನ್ನೂ ಬಿಚ್ಚಿದೆ. ಮೂರು ಸುತ್ತು ದಾಟಿದ ಮೇಲೆ ಆಕ್ಸಿಲೇಟರ್ ಬಿಟ್ಟಾಗಲೆಲ್ಲ ಸೈಲೆನ್ಸರ್ ಪಟ್ ಪಟ್ ಅನ್ನತೊಡಗಿತು.

"ಏ ತಮ್ಮಾ, ಸ್ಕ್ರೂ ಎಲ್ಲಿ ಐತಿ ನೋಡಿದೇನು?" ಅಂದರು ಮೇಸ್ತ್ರಿ.

ನೋಡಿರಲಿಲ್ಲ. ಅದು ಇದ್ದದ್ದು ಫಿಲ್ಟರ್ ಕಡೆ. ಕಾರ್ಬೊರೇಟರಿನ ನಡುವೆ ಆಕ್ಸಿಲೇಟರ್ ಕೊಟ್ಟಾಗ ಮೇಲೇಳುವ ಸ್ಲೈಡ್ ಇರುತ್ತದಲ್ಲ, ಅಲ್ಲಿಂದ ಫಿಲ್ಟರ್ ಕಡೆಗೆ ಸ್ಕ್ರೂ ಇದ್ದರೆ ಅದು ಏರ್ ಸ್ಕ್ರೂ. ಬಿಚ್ಚಿದಷ್ಟೂ ಗಾಳಿ ಜಾಸ್ತಿ, ಮಿಶ್ರಣ ತೆಳು. ಇಂಜಿನ್ ಕಡೆಗೆ ಇದ್ದರೆ ಮಿಕ್ಸ್ಚರ್ ಸ್ಕ್ರೂ. ಅದನ್ನು ಬಿಚ್ಚಿದರೆ ಮಿಶ್ರಣ ಗಟ್ಟಿ. ಎರಡೂ ಪೂರ್ತಿ ಉಲ್ಟಾ.

ಯಾಕೆ ಉಲ್ಟಾ ಅನ್ನೋದು ರಾತ್ರಿ ಊಟಕ್ಕೆ ಮಜ್ಜಿಗೆ ಮಾಡುವಾಗ ಹೊಳೆಯಿತು. ಏರ್ ಸ್ಕ್ರೂ ಅಂದರೆ ಮಜ್ಜಿಗೆಗೆ ನೀರು ಬಿಡುವ ನಲ್ಲಿ. ಜಾಸ್ತಿ ತಿರುಗಿಸಿದರೆ ಮಜ್ಜಿಗೆ ತೆಳ್ಳಗಾಗುತ್ತದೆ. ಮಿಕ್ಸ್ಚರ್ ಸ್ಕ್ರೂ ಅಂದರೆ ಕಡೆದಿಟ್ಟ ಗಟ್ಟಿ ಮಜ್ಜಿಗೆಯನ್ನೇ ನೀರಿನ ಚೊಂಬಿಗೆ ಸುರಿಯುವ ಸೌಟು. ಜಾಸ್ತಿ ಸುರಿದರೆ ಚೊಂಬಿನಲ್ಲಿರುವುದು ಗಟ್ಟಿಯಾಗುತ್ತದೆ. ಮಿಕ್ಸ್ಚರ್ ಸ್ಕ್ರೂ ದಾಟಿ ಹೋಗುವುದು ಬರೀ ಗಾಳಿಯಲ್ಲ, ಆಗಲೇ ಪೆಟ್ರೋಲ್ ಬೆರೆತದ್ದು. ಸ್ಲೈಡ್ ಅಡಿಯಿಂದ ಬರುವ ಗಾಳಿಗೆ ಅದು ಸೇರಿಕೊಳ್ಳುತ್ತದೆ.

ಆರ್‌ಎಕ್ಸ್ 100 ತರಹದ ಹಳೇ ಟೂ-ಸ್ಟ್ರೋಕ್‌ಗಳಲ್ಲಿ ಏರ್ ಸ್ಕ್ರೂ. ಸಿವಿ ಕಾರ್ಬೊರೇಟರ್‌ಗಳಲ್ಲಿ (ಇವುಗಳ ಸ್ಲೈಡ್ ಕೇಬಲ್‌ನಿಂದಲ್ಲ, ಇಂಜಿನ್ನಿನ ಎಳೆತಕ್ಕೆ ಏಳುತ್ತದೆ) ಸಾಮಾನ್ಯವಾಗಿ ಇಂಜಿನ್ ಕಡೆ. ಮಾಡೆಲ್ ಬಾಯಿಪಾಠ ಮಾಡೋದಕ್ಕಿಂತ ಬಗ್ಗಿ ನೋಡೋದು ಸುಲಭ.

ಟ್ಯೂನ್ ಮಾಡುವಾಗ

ಸುತ್ತು ಎಣಿಸುತ್ತಾ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಎಣಿಕೆ ಬರೆದಿಡಿ. ಬಿಗಿ ಮಾಡಿದರೆ ಅದರ ಮೊನೆ ಹಾಳಾಗುತ್ತದೆ. ಆಮೇಲೆ ಒಂದೂವರೆ ಸುತ್ತು ಬಿಚ್ಚಿ, ಬಿಸಿ ಇಂಜಿನ್ನಿನಲ್ಲಿ ಕಾಲು ಕಾಲು ಸುತ್ತು ತಿರುಗಿಸಿ. ಆರ್‌ಪಿಎಂ ಎಲ್ಲಿ ಎಲ್ಲಕ್ಕಿಂತ ಮೇಲೇರುತ್ತದೋ ಅಲ್ಲಿ ಬಿಟ್ಟು, ಸ್ಲೈಡ್ ಎತ್ತರ ಹೊಂದಿಸುವ ಐಡ್ಲಿಂಗ್ ಸ್ಕ್ರೂನಿಂದ ಕೆಳಗಿಳಿಸಿ. 100 ಸಿಸಿ ಗಾಡಿಗೆ 1400 ಆಸುಪಾಸು ಸಾಕು.

ಸ್ಕ್ರೂ ತಿರುಗಿಸಿದರೂ ಏನೂ ಬದಲಾಗದಿದ್ದರೆ ಐಡ್ಲಿಂಗ್ ಸ್ಕ್ರೂ ಜಾಸ್ತಿ ಬಿಗಿಯಾಗಿ ಸ್ಲೈಡ್ ಮೇಲೆದ್ದಿರಬಹುದು, ಇಲ್ಲವೇ ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಪೈಲಟ್ ಜೆಟ್ ಕಟ್ಟಿಕೊಂಡಿರಬಹುದು. ಕೀಹಿನ್ ಕಂಪನಿಯ ಜೆಟ್ ಮೇಲೆ 38 ಅಂತಿದ್ದರೆ ತೂತು 0.38 ಮಿ.ಮೀ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಅಂಟಾಗಿ ಅದನ್ನು ಮುಚ್ಚಿಬಿಡುತ್ತದೆ. ಬೆಳಕಿಗೆ ಹಿಡಿದಾಗ ಚುಕ್ಕೆ ದುಂಡಗೆ ಕಾಣಬೇಕು. ತಂತಿ ಹಾಕಿ ಕೆದಕಬೇಡಿ, ತೂತು ದೊಡ್ಡದಾಗುತ್ತದೆ. ಕ್ಲೀನರ್ ಹೊಡೆದು ಹವಾ ಬಿಡಿ.

ಮೊನ್ನೆಯ ಗಾಡಿಯ ಕತೆ ಇನ್ನೊಂದೇ. ಏರ್ ಸ್ಕ್ರೂ ಮುಚ್ಚುತ್ತಾ ಬಂದಾಗ ಸ್ವಲ್ಪ ಸುಧಾರಿಸಿತು, ಆದರೆ ಆಕ್ಸಿಲೇಟರ್ ಬಿಟ್ಟ ಮೇಲೂ ಆರ್‌ಪಿಎಂ ಬೇಗ ಇಳಿಯುತ್ತಿರಲಿಲ್ಲ. ಮೇಸ್ತ್ರಿ ಕಾರ್ಬೊರೇಟರ್ ಮತ್ತು ಇಂಜಿನ್ ಸೇರುವ ಜಾಗಕ್ಕೆ ಸ್ಪ್ರೇ ಬಾಟಲಿಯಿಂದ ನೀರು ಹೊಡೆದರು. ಸದ್ದು ತಟ್ಟನೆ ಬದಲಾಯಿತು, ಅಂದರೆ ಅಲ್ಲಿಂದ ಗಾಳಿ ಒಳಗೆ ಸೋರುತ್ತಿತ್ತು. ಬಿಚ್ಚಿ ನೋಡಿದರೆ ಒಳಗಿನ ಓ-ರಿಂಗ್ (ರಬ್ಬರ್ ಬಳೆ) ಚಪ್ಪಟೆಯಾಗಿ, ಬಿಸಿಲಿಗೆ ಒಣಗಿದ ಹುಣಸೆ ಸಿಪ್ಪೆಯ ಹಾಗೆ ಬಿರುಕು ಬಿಟ್ಟಿತ್ತು. ಹೊಸದು ಹಾಕಿ ಸ್ಕ್ರೂವನ್ನು ನಾನು ಬಿಚ್ಚುವ ಮುಂಚೆ ಬರೆದಿಟ್ಟಿದ್ದ ಎಣಿಕೆಗೇ ತಂದೆವು. ಗಾಡಿ ಆಫ್ ಆಗದೆ ಐಡ್ಲಿಂಗಿನಲ್ಲಿ ನಿಂತಿತು.