ಕೊಂಪಾ ಹೈಟಿ ದೇಶದ್ದು ಅಂತಾರೆ, ಬ್ಯಾಂಡ್‌ಗಳೆಲ್ಲಾ ಹೊರಗೇ ಯಾಕಿದಾವೆ?

ಓದುಗರ ಪ್ರಶ್ನೆ: ರೀಲ್ಸಲ್ಲಿ ಜೋಡಿಗಳು ಅಂಟ್ಕೊಂಡು ನಿಧಾನಕ್ಕೆ ಕುಣಿಯೋ ಕೊಂಪಾ ಹಾಡು ಇಷ್ಟ ಆಯ್ತು, ಹುಡುಕಿದ್ರೆ ಹೈಟಿ ಮ್ಯೂಸಿಕ್ ಅಂತ ಬರುತ್ತೆ, ಆದ್ರೆ ಹಾಡೋರೆಲ್ಲಾ ನ್ಯೂಯಾರ್ಕು, ಮಯಾಮಿ, ಪ್ಯಾರಿಸ್ಸಲ್ಲೇ ಇದಾರಲ್ಲ, ಯಾಕೆ?

ಹುಟ್ಟಿದ್ದು ಕೆರಿಬಿಯನ್ ಸಮುದ್ರದ ಹೈಟಿಲೇ, ಅದ್ರಲ್ಲಿ ಡೌಟ್ ಬೇಡ. 1955ರಲ್ಲಿ ನೆಮೂರ್ ಜಾನ್ ಬಾಪ್ಟಿಸ್ಟ್ ಅನ್ನೋ ಸ್ಯಾಕ್ಸೊಫೋನ್ ನುಡಿಸೋ ಮನುಷ್ಯ ಮೆರೆಂಗ್ ಅನ್ನೋ ಊರಿನ ಹಳೇ ಕುಣಿತದ ಸಂಗೀತಕ್ಕೆ ಪಕ್ಕದ ಡೊಮಿನಿಕನ್ ರಿಪಬ್ಲಿಕ್ ಕಡೆ ಬೀಟನ್ನೂ ಬೆರೆಸಿ, ಯಾರು ಬೇಕಾದ್ರೂ ಹೆಜ್ಜೆ ಹಾಕ್ಬಹುದಾದಂಥ ಒಂದೇ ಸಮನೆ ಓಡೋ ತಾಳ ಮಾಡಿಟ್ಟ. ಅವನ ಬ್ಯಾಂಡಲ್ಲೇ ಇದ್ದ ವೆಬೆರ್ ಸಿಕೋ ಹೊರಗೆ ಬಂದು ಅದೇ ಥರದ ಸಂಗೀತನ ಬೇರೆ ಹೆಸರಲ್ಲಿ ಶುರು ಮಾಡಿದ್ಮೇಲಂತೂ ಇಬ್ಬರ ಫ್ಯಾನ್ಸೂ ಎದುರುಬದುರಾಗಿ ನಿಂತ್ಬಿಟ್ರು, ನಮ್ಮಲ್ಲಿ ಸ್ಟಾರ್‌ಗಳ ಅಭಿಮಾನಿ ಸಂಘ ಇರುತ್ತಲ್ಲ ಹಂಗೆ.

ಅಷ್ಟೊತ್ತಿಗೆ 1957ರಲ್ಲಿ ಡುವಾಲಿಯೇ ಅನ್ನೋ ಸರ್ವಾಧಿಕಾರಿ ಹೈಟಿಲಿ ಅಧಿಕಾರಕ್ಕೆ ಬಂದಿದ್ದ. ಅಪ್ಪ ಆದ್ಮೇಲೆ ಮಗ, 1986ರವರೆಗೂ ಅವರದ್ದೇ ದರ್ಬಾರು. ಮೊದಲು ಓದಿದೋರು ದೇಶ ಬಿಟ್ರು, ಆಮೇಲೆ ಬಡವರು ದೋಣಿ ಹತ್ತಿ ಫ್ಲೋರಿಡಾ ಕಡೆ ಹೊರಟ್ರು, ಕೇಳೋ ಜನ ಹೋದ ಕಡೆ ನುಡಿಸೋರೂ ಹೋದ್ರು. 1968ರಲ್ಲಿ ಹೈಟಿಯ ಪೆಟಿಯೋನ್‌ವಿಲ್‌ನಲ್ಲಿ ಶುರುವಾದ ತಾಬೂ ಕಾಂಬೊ ಅನ್ನೋ ಬ್ಯಾಂಡು ಕೆಲವೇ ವರ್ಷಕ್ಕೆ ನ್ಯೂಯಾರ್ಕ್ ಸೇರ್ಕೊಳ್ತು, 1975ರಲ್ಲಿ ಆ ಊರಿನ ಹೆಸರಲ್ಲೇ ಹಾಡು ಮಾಡ್ತು, ಅದು ಪ್ಯಾರಿಸ್ಸಲ್ಲಿ ದೊಡ್ಡ ಹಿಟ್ಟಾಯ್ತು!

ಆದ್ರೆ ನನ್ ಪ್ರಕಾರ ಅಸಲಿ ಕಾರಣ ‘ಬಾಲ್’, ಅಂದ್ರೆ ಟಿಕೆಟ್ ಇಟ್ಟು ನಡೆಸೋ ರಾತ್ರಿ ಡ್ಯಾನ್ಸು. ಕೊಂಪಾ ಬ್ಯಾಂಡಿಗೆ ಹೊಟ್ಟೆ ತುಂಬೋದು ಮುಖ್ಯವಾಗಿ ಇದರಿಂದಾನೇ. ಬ್ರೂಕ್ಲಿನ್, ಮಯಾಮಿ, ಬಾಸ್ಟನ್, ಮಾಂಟ್ರಿಯಲ್ ಜನ ಡಾಲರಲ್ಲಿ ದುಡೀತಾರೆ, ವಾರವಿಡೀ ಕೆಲಸ ಮಾಡಿ ವೀಕೆಂಡಲ್ಲಿ ಡ್ರೆಸ್ ಮಾಡ್ಕೊಂಡು ಬರ್ತಾರೆ, ತಮ್ಮ ಹೈಟಿ ಭಾಷೆ ಕ್ರಿಯೋಲ್‌ನಲ್ಲಿ ಹರಟ್ತಾರೆ, ಅಲ್ಲೇ ಹುಟ್ಟಿದ ಮಕ್ಕಳೂ ಭಾಷೆ ಅರ್ಧಂಬರ್ಧ ಬಂದ್ರೂ ಹೆಜ್ಜೆ ಮಾತ್ರ ಕಲ್ತಿರ್ತಾರೆ. ಅತ್ತ ಹೈಟಿ ರಾಜಧಾನಿ ಪೋರ್ಟ್ ಓ ಪ್ರಿನ್ಸಲ್ಲಿ ಈಗ ಗ್ಯಾಂಗ್‌ಗಳ ಕಾಟ, ರಾತ್ರಿ ಹೊರಗೆ ಹೋಗೋದೇ ಭಯ, ಇನ್ನು ಬಾಲ್ ಎಲ್ಲಿಂದ ಬರ್ಬೇಕು. 2000ರ ದಶಕದಲ್ಲಿ ಹೆಸರು ಮಾಡಿದ ಕರಿಮಿ ಕೂಡ ನ್ಯೂಯಾರ್ಕಲ್ಲಿ ಕಟ್ಟಿದ ಬ್ಯಾಂಡೇ, ಆದ್ರೆ ಅವರಿಗೆ ಹೆಸರು ತಂದಿದ್ದು ಹೈಟಿ ಅವಸ್ಥೆ ಬಗ್ಗೆನೇ ಇರೋ ಹಾಡು.

ನೀವು ರೀಲ್ಸಲ್ಲಿ ಕೇಳಿದ್ದು ಬಹುಶಃ ಜೋ ಡ್ವೆಟ್ ಫಿಲೆ ಹಾಡಿರ್ಬೇಕು. ಅವನು ಫ್ರಾನ್ಸಲ್ಲೇ ಹುಟ್ಟಿದ ಹೈಟಿ ಮನೆತನದ ಹುಡುಗ, 2025ರಲ್ಲಿ ಅದೇ ಹಾಡಿನ ರೀಮಿಕ್ಸಿಗೆ ನೈಜೀರಿಯಾದ ಗಾಯಕ ಬರ್ನಾ ಬಾಯ್ ಸೇರ್ಕೊಂಡ. ಇದೇ ಜೂಕ್ ಅಲ್ವಾ ಅಂತಾನೂ ಕೆಲವರು ಕೇಳ್ತಾರೆ, ಅಲ್ಲ, ಜೂಕ್ ಅಂದ್ರೆ ಗ್ವಾಡೆಲೂಪ್, ಮಾರ್ಟಿನಿಕ್ ಅನ್ನೋ ಕೆರಿಬಿಯನ್ ದ್ವೀಪಗಳ ಡ್ಯಾನ್ಸ್ ಮ್ಯೂಸಿಕ್, ಆ ಕಡೆ ಹೈಟಿ ಬ್ಯಾಂಡ್‌ಗಳು ಹೋಗಿ ನುಡಿಸಿದ ಪ್ರಭಾವ ಜೂಕ್ ಮೇಲೆ ಇದೆ ಅಷ್ಟೆ.

ಇನ್ನೊಂದು ಮಜಾ ಅಂದ್ರೆ 2025ರ ಡಿಸೆಂಬರಲ್ಲಿ ಯುನೆಸ್ಕೊ ತನ್ನ ಪರಂಪರೆ ಪಟ್ಟಿಗೆ ಕೊಂಪಾನ ಸೇರಿಸಿದ್ದು ನಮ್ಮ ದೆಹಲಿ ಸಭೇಲೇ, ದೀಪಾವಳಿ ಸೇರಿದ್ದೂ ಅದೇ ಸಭೇಲಿ.

ಕೇಳೋದಾದ್ರೆ ಸ್ಟುಡಿಯೋದಕ್ಕಿಂತ ಲೈವ್ ರೆಕಾರ್ಡಿಂಗ್ ಹುಡುಕಿ. ಮೊದಲು ಮೆತ್ತಗೆ ಹಾಡ್ತಾರೆ, ಬೇಜಾರಾಗಿ ಸ್ಕಿಪ್ ಮಾಡ್ಬೇಡಿ, ಕೊನೇಲಿ ಹಾಡು ನಿಂತು ತಾಳ ಒಂದೇ ಹಿಡ್ಕೊಂಡು ಹಾಡುಗಾರ ಜನರನ್ನ ಕೈ ಎತ್ತಿ ಅಂತ ಹುರಿದುಂಬಿಸ್ತಾನಲ್ಲ, ಕುಣಿಯೋರು ಕಾಯೋದು ಅದಕ್ಕೇ.